ಹಾಡಿಗೂ ಒಂದು ಊರುಂಟು

ಹೊರನಾಡಿನ ಕನ್ನಡ ಸಂಘಗಳ ಕಾರ್ಯಕ್ರಮ ಪಟ್ಟಿಯಲ್ಲಿ 'ಜಾನಪದ ಗೀತೆ' ಎಂಬ ಬಾಬು ಇಲ್ಲದ ವರ್ಷವಿಲ್ಲ. ಗಣಪತಿ ಹಬ್ಬವಿರಲಿ, ರಾಜ್ಯೋತ್ಸವವಿರಲಿ, ಸ್ವಾಗತ ಭಾಷಣವಾದ ಮೇಲೆ, ವಂದನಾರ್ಪಣೆಗೆ ಮುಂಚೆ, ಐದಾರು ಹೆಣ್ಣುಮಕ್ಕಳು ಇಳಕಲ್ಲ ಸೀರೆಯನ್ನು ಮೊಣಕಾಲ ಮೇಲಕ್ಕೆ ಕಟ್ಟಿ, ಪ್ಲಾಸ್ಟಿಕ್ ಕೊಡವನ್ನು ಸೊಂಟಕ್ಕಿಟ್ಟುಕೊಂಡು ವೇದಿಕೆಗೆ ಬರುತ್ತಾರೆ. ಧ್ವನಿವರ್ಧಕದಲ್ಲಿ ಹಾಡು ಮೊಳಗುತ್ತದೆ. ಮಕ್ಕಳು ಕುಣಿಯುತ್ತಾರೆ, ತಾಯಂದಿರು ಮೊಬೈಲಿನಲ್ಲಿ ಚಿತ್ರ ತೆಗೆಯುತ್ತಾರೆ, ನಾವೆಲ್ಲ ಚಪ್ಪಾಳೆ ತಟ್ಟುತ್ತೇವೆ. ಆ ಹಾಡು ಯಾವ ಊರಿನದು, ಯಾರು ಯಾವ ಕೆಲಸ ಮಾಡುತ್ತ ಅದನ್ನು ಹಾಡುತ್ತಿದ್ದರು ಎಂದು ಕೇಳುವವರಿಲ್ಲ. ಕೇಳಿದರೆ ಹೇಳುವವರೂ ಇಲ್ಲ. ಜನಪದವೆಂದ ಮೇಲೆ ಎಲ್ಲರದು. ಎಲ್ಲರದಾದ ಮೇಲೆ ಯಾರದೂ ಅಲ್ಲ, ಸರಕಾರಿ ಕಚೇರಿಯ ಹಳೆಯ ಕಪಾಟಿನ ಹಾಗೆ.

ಹೀಗೆಂದು ಬರೆಯುವ ನಾವು ಜಾನಪದ ವಿದ್ವಾಂಸರೇನೂ ಅಲ್ಲ. ಓದಿದ್ದು ಬಿ.ಎಸ್‌ಸಿ., ಅದರಲ್ಲೂ ಸಸ್ಯಶಾಸ್ತ್ರ. ಮಾಡುತ್ತಿರುವುದು ಕೇಂದ್ರ ಸರಕಾರದ ಕಚೇರಿಯೊಂದರಲ್ಲಿ ಗುಮಾಸ್ತಿಕೆ. ಆವಕ-ಜಾವಕದ ರಿಜಿಸ್ಟರೇ ನಮ್ಮ ಪುರಾಣ, ಕಡತದ ಮೇಲೆ ಟಿಪ್ಪಣಿ ಬರೆಯುವುದೇ ನಮ್ಮ ಸಾಹಿತ್ಯ. ವರ್ಗಾವಣೆಯ ದೆಸೆಯಿಂದ ಸೂರತ್, ವಡೋದರಾ, ಅಹಮದಾಬಾದ್ ಎಂಬ ಮೂರು ಊರುಗಳ ನೀರು ಕುಡಿದು ನಲವತ್ತು ದಾಟಿದ್ದೇವೆ. ಆದರೆ ಸಸ್ಯಶಾಸ್ತ್ರ ಓದಿದವರಿಗೆ ಒಂದು ಚಾಳಿ ಬಿಡುವುದಿಲ್ಲ. ಗಿಡ ಕಂಡರೆ ಅದು ಎಲ್ಲಿ ಬೆಳೆದದ್ದು, ಯಾವ ಮಣ್ಣು, ಎಷ್ಟು ನೀರು ಎಂದು ಕೇಳುವುದು. ಕಾಲೇಜಿನಲ್ಲಿ ಗಿಡವನ್ನು ಒಣಗಿಸಿ ಹಾಳೆಗೆ ಅಂಟಿಸಿ ಒಪ್ಪಿಸುತ್ತಿದ್ದೆವು. ಕೆಳಗೆ ಊರಿನ ಹೆಸರು, ತಾರೀಖು, ಕಿತ್ತು ತಂದವರ ಹೆಸರು ಇಲ್ಲದಿದ್ದರೆ ಮೇಷ್ಟರು ಆ ಹಾಳೆಯನ್ನು ಮುಟ್ಟುತ್ತಿರಲಿಲ್ಲ. ಹಾಡಿಗೂ ಅದೇ ನ್ಯಾಯ ಸಲ್ಲಬೇಕೆಂಬುದು ಈ ಮೂರು ಊರುಗಳಲ್ಲಿ ನಮಗೆ ಹೇಗೆ ಮನವರಿಕೆಯಾಯಿತು ಎಂಬುದನ್ನು ಓದುಗರ ಮುಂದಿಡುವುದಷ್ಟೇ ಇಲ್ಲಿನ ಉದ್ದೇಶ.

ಸೂರತ್ತಿನಲ್ಲಿ ನಮ್ಮ ಬಾಡಿಗೆ ಮನೆ ಹಳೆಯ ಊರಿನ ಒಂದು ಓಣಿಯಲ್ಲಿತ್ತು. ಅಲ್ಲಿ ಓಣಿಗೆ 'ಶೇರಿ' ಎನ್ನುತ್ತಾರೆ. ಕಿವಿಗೆ ನಮ್ಮ 'ಕೇರಿ'ಯ ಹಾಗೇ ಕೇಳುತ್ತದೆ. ನವರಾತ್ರಿಯಲ್ಲಿ ದೊಡ್ಡ ಮೈದಾನಗಳಲ್ಲಿ ನಡೆಯುವ ಗರ್ಬಾ ಬೇರೆ. ಅಲ್ಲಿ ಟಿಕೀಟು, ವಾದ್ಯವೃಂದ, ಕಣ್ಣು ಕುಕ್ಕುವ ದೀಪ. ಶೇರಿಯ ಗರ್ಬಾ ಬೇರೆ. ಓಣಿಯ ನಡುವೆ ತೂತು ತೂತಿನ ಮಣ್ಣಿನ ಗಡಿಗೆ, ಅದರೊಳಗೆ ಒಂದು ದೀಪ. ಹಿರಿಯಾಕೆಯೊಬ್ಬಳು ಸಾಲು ಎತ್ತಿಕೊಡುತ್ತಾಳೆ. ಉಳಿದವರು ಚಪ್ಪಾಳೆ ಹಾಕುತ್ತ ಸುತ್ತು ತಿರುಗಿ ಅದನ್ನೇ ಹಾಡುತ್ತಾರೆ. 2023ರ ಡಿಸೆಂಬರಿನಲ್ಲಿ ಯುನೆಸ್ಕೊ ಸಂಸ್ಥೆ ಗರ್ಬಾವನ್ನು ಮಾನವಕುಲದ ಅಮೂರ್ತ ಪರಂಪರೆಯ ಪಟ್ಟಿಗೆ ಸೇರಿಸಿತು. ಆ ಪಟ್ಟಿಗೆ ಮೊದಲೂ ಆ ಹೆಂಗಸರು ಹಾಡುತ್ತಿದ್ದರು, ಪಟ್ಟಿಯ ಸುದ್ದಿ ತಿಳಿಯದವರು ಈಗಲೂ ಹಾಡುತ್ತಿದ್ದಾರೆ.

ಅಂಥದೊಂದು ರಾತ್ರಿ ಕಚೇರಿಯ ಮಿತ್ರನ ತಂದೆ, ನಿವೃತ್ತ ಶಿಕ್ಷಕರು, ನಮ್ಮನ್ನು ಕೇಳಿದರು: "ನಿಮ್ಮ ನಾಡಿನಲ್ಲಿ ಹೆಂಗಸರು ಕೂಡಿದಾಗ ಏನು ಹಾಡುತ್ತಾರೆ?" ನಾವು ಸೋಬಾನೆ, ಕೋಲುಪದ, ಬೀಸುವ ಪದ, ಕುಟ್ಟುವ ಪದ ಎಂದು ಪಟ್ಟಿ ಒಪ್ಪಿಸಿದೆವು. "ಒಂದು ಹಾಡಿ ತೋರಿಸಿ" ಎಂದರು. ನಮ್ಮ ಮನೆಯವರ ಮುಖ ನಾವು ನೋಡಿದೆವು, ಅವರು ನಮ್ಮ ಮುಖ ನೋಡಿದರು. ಹೆಸರು ಬಲ್ಲೆವು, ಹಾಡು ಬಾರದು. ಹಿರಿಯರು ನಮ್ಮ ಪೇಚನ್ನು ಕಂಡು ನಕ್ಕು ಮಾತು ಹೊರಳಿಸಿದರು. ಸೂರತ್ತಿನವರೇ ಆದ ಕವಿ ನರ್ಮದ್ (1833–1886) ತಮ್ಮ ನಾಗರ ಸಮುದಾಯದ ಹೆಂಗಸರು ಹಾಡುತ್ತಿದ್ದ ಹಾಡುಗಳನ್ನು 1870ರಷ್ಟು ಹಿಂದೆಯೇ ಕೂಡಿಸಿ ಅಚ್ಚು ಹಾಕಿಸಿದ ಸಂಗತಿಯನ್ನು ಹೇಳಿದರು. ಹೊಸ ಕಾಲದ ಕವಿ, ಇಂಗ್ಲಿಷ್ ಬಲ್ಲವರು, ನಿಘಂಟು ಕಟ್ಟಿದವರು, ಮನೆಯ ಹೆಂಗಸರ ಬಾಯಿಗೆ ಕಿವಿಗೊಟ್ಟರು.

ಈ ಮಾತು ನಮ್ಮ ತಲೆಯಲ್ಲಿ ಕೊರೆಯುತ್ತ ಉಳಿಯಿತು. ಕನ್ನಡದ ಕಡೆ ಏನಾಗಿತ್ತೆಂದು ಹುಡುಕಿದೆವು. ನರ್ಮದರ ಪುಸ್ತಕದ ಮರುವರ್ಷ, 1871ರಲ್ಲಿ, ಚಾರ್ಲ್ಸ್ ಗೋವರ್ ಎಂಬ ಇಂಗ್ಲಿಷಿನವ ದಕ್ಷಿಣ ಭಾರತದ ಜನಪದ ಗೀತೆಗಳ ಬಗೆಗೆ ಪುಸ್ತಕ ತಂದ. ಅದರಲ್ಲಿ ಕನ್ನಡದ ಪದಗಳ ಅನುವಾದವೂ ಇವೆ. ಮುಂಬಯಿ ಇಲಾಖೆಯ ಅಧಿಕಾರಿಯಾಗಿದ್ದ ಜೆ. ಎಫ್. ಫ್ಲೀಟ್ ನಮ್ಮ ಉತ್ತರ ಕರ್ನಾಟಕದ ಲಾವಣಿಗಳನ್ನು ಬರೆಸಿಕೊಂಡು 'ಇಂಡಿಯನ್ ಆಂಟಿಕ್ವರಿ' ಪತ್ರಿಕೆಯಲ್ಲಿ ಅಚ್ಚು ಮಾಡಿಸಿದ. ಸಂಗೊಳ್ಳಿ ರಾಯಣ್ಣನ ಹಾಡು, ಹಲಗಲಿ ಬೇಡರ ಹಾಡು ಹೀಗೆ ಕಾಗದಕ್ಕೆ ಬಂದವು. ಫ್ಲೀಟನೂ ಸರಕಾರಿ ನೌಕರನೇ ಎಂಬುದು ನಮಗೆ ಸಮಾಧಾನ ತಂದ ಸಂಗತಿ. ಆಮೇಲೆ ಬಂದವರು ನಮ್ಮವರೇ. ವಿಜಯಪುರ ಜಿಲ್ಲೆಯ ಹಲಸಂಗಿ ಎಂಬ ಪುಟ್ಟ ಹಳ್ಳಿಯಲ್ಲಿ ಮಧುರಚೆನ್ನ, ಸಿಂಪಿ ಲಿಂಗಣ್ಣ, ಧೂಲಾಸಾಹೇಬ, ಕಾಪಸೆ ರೇವಪ್ಪ ಎಂಬ ಗೆಳೆಯರು ಕೂಡಿ ತಾಯಂದಿರ ಬಾಯಿಂದ ತ್ರಿಪದಿಗಳನ್ನು ಬರೆದುಕೊಂಡರು. 'ಗರತಿಯ ಹಾಡು' 1931ರಲ್ಲಿ ಹೊರಬಂತು.

ಇತ್ತ ಗುಜರಾತಿನಲ್ಲಿ ಝವೇರ್‌ಚಂದ್ ಮೇಘಾಣಿಯವರ 'ರಢಿಯಾಳೀ ರಾತ' ಸಂಕಲನದ ಮೊದಲ ಭಾಗ ಬಂದದ್ದು 1925ರಲ್ಲಿ. ಅವರ ಕಥೆ ನಮ್ಮಂಥವರಿಗೆ ಹತ್ತಿರದ್ದು. ಕಲ್ಕತ್ತೆಯ ಅಲ್ಯೂಮಿನಿಯಂ ಕಾರ್ಖಾನೆಯಲ್ಲಿ ಕೆಲಸಕ್ಕಿದ್ದ ಮನುಷ್ಯ ಮೂರು ವರ್ಷಕ್ಕೆ ಅದನ್ನು ಬಿಟ್ಟು 1921ರಲ್ಲಿ ಸೌರಾಷ್ಟ್ರಕ್ಕೆ ಮರಳಿದರು. ಊರೂರು ಅಲೆದು ಚಾರಣರಿಂದ, ಹಳ್ಳಿಯ ಹೆಂಗಸರಿಂದ ಹಾಡು ಕೇಳಿ ಬರೆದರು. ಪರಊರಿನ ನೌಕರಿಯೇ ಮನುಷ್ಯನಿಗೆ ತನ್ನೂರಿನ ಹಾಡಿನ ಬೆಲೆ ತಿಳಿಸುತ್ತದೆಯೋ ಏನೋ! ಎಲ್ಲರೂ ಮೇಘಾಣಿಯವರಂತೆ ನೌಕರಿ ಬಿಟ್ಟು ಹೋಗಲಾರೆವು. ಭವಿಷ್ಯನಿಧಿಯ ಲೆಕ್ಕವಿದೆ, ಮಕ್ಕಳ ಪರೀಕ್ಷೆಯಿದೆ. ಇದ್ದಲ್ಲಿಯೇ ಏನು ಮಾಡಬಹುದೆಂಬುದು ನಮ್ಮ ಪ್ರಶ್ನೆಯಾಯಿತು.

ಅದಕ್ಕೆ ಉತ್ತರ ಸಿಕ್ಕಿದ್ದು ವಡೋದರಾದಲ್ಲಿ. ಹಳಬರು ಇಂದಿಗೂ ಬಡೋದೆ ಎನ್ನುವ ಆ ಊರಿಗೆ ವರ್ಗವಾಗಿ ಹೋದಾಗ ನಮ್ಮ ಪರಿಚಿತರೊಬ್ಬರ ಮನೆಯಲ್ಲಿ ಅವರ ತಾಯಿ ಇದ್ದರು. ಇಂಡಿಯ ಕಡೆಯವರು, ಭೀಮಾ ದಂಡೆಯ ಹಳ್ಳಿ. ಯಜಮಾನರು ತೀರಿಕೊಂಡ ಮೇಲೆ ಮಗ ಕರೆತಂದು ನಾಲ್ಕನೆಯ ಮಹಡಿಯ ಫ್ಲ್ಯಾಟಿನಲ್ಲಿ ಇಟ್ಟುಕೊಂಡಿದ್ದರು. ಮೊಮ್ಮಗಳು 'ಆಯಿ' ಎನ್ನುತ್ತಿದ್ದುದರಿಂದ ನಾವೂ ಹಾಗೇ ಕರೆದೆವು. ಆಯಿಗೆ ಗುಜರಾತಿ ತಿಳಿಯದು. ಮಗಸೊಸೆ ಕೆಲಸಕ್ಕೆ, ಹುಡುಗಿ ಶಾಲೆಗೆ. ಬೆಳಗಿನಿಂದ ಸಂಜೆಯ ತನಕ ಬಾಲ್ಕನಿಯಲ್ಲಿ ಕೂತು ಕೆಳಗೆ ಓಡಾಡುವ ರಿಕ್ಷಾ ನೋಡುವುದು. ಮಾತು ಕಡಿಮೆಯಾಗಿತ್ತು. ಮನೆಯವರಿಗೆ ಅದೇ ಚಿಂತೆ.

"ಆಯಿ, ಬೀಸೂ ಪದಾ ಬರತಾವೇನು?" ಎಂದು ನಮ್ಮ ಮನೆಯವರು ಕೇಳಿದರು.

"ಬರತಿದ್ದೂ. ಕಲ್ಲಿಲ್ದ ಪದಾ ಬಾಯಿಗೆ ಬರೂದಿಲ್ಲವಾ. ಕೈ ತಿರಗಿದ್ರ ಬಾಯಿ ತಿರಗತೈತಿ."

ಗುಜರಾತಿ ಮನೆಗಳಲ್ಲಿ ಬೀಸುಕಲ್ಲಿಗೆ 'ಘಂಟಿ' ಎಂಬ ಹೆಸರು. ಪಕ್ಕದ ಮನೆಯ ಬೆನ್ ಒಬ್ಬರಿಗೆ ವಿಷಯ ಹೇಳಿದೊಡನೆ "ನಮ್ಮಲ್ಲಿದೆ, ಬನ್ನಿ" ಎಂದು ಸಡಗರದಿಂದ ಕರೆದೊಯ್ದರು. ನೋಡಿದರೆ ಅದು ವಿದ್ಯುತ್ತಿನ ಘರ್‌ಘಂಟಿ, ಕಪಾಟಿನಂಥ ಪೆಟ್ಟಿಗೆ. ಈ ಪ್ರಾಂತದಲ್ಲಿ ಎಷ್ಟೋ ಮನೆಗಳಲ್ಲಿ ಅದರಲ್ಲೇ ಹಿಟ್ಟು. ಗುಂಡಿ ಒತ್ತಿದರು. ಅದರ ಆರ್ಭಟ ಕೇಳಿ ಆಯಿ ನಕ್ಕಳು: "ಇದು ತಾನಽ ಒದರತೈತಿ, ನಾ ಯಾಕ ಹಾಡ್ಲಿ?" ಆಯಿ ಆ ಊರಿಗೆ ಬಂದ ಮೇಲೆ ಬಾಯಿತುಂಬ ನಕ್ಕದ್ದು ಅದೇ ಮೊದಲು ಎಂದು ಅವಳ ಸೊಸೆ ಆಮೇಲೆ ಹೇಳಿದರು. ಹದಿನೈದು ದಿನದೊಳಗೆ ಆ ಬೆನ್ ತಮ್ಮ ತವರಿನಿಂದ, ಪಾದ್ರಾ ಕಡೆಯ ಹಳ್ಳಿಯಿಂದ, ಮೂಲೆಗೆ ಬಿದ್ದಿದ್ದ ಕೈಕಲ್ಲನ್ನು ಟೆಂಪೊದಲ್ಲಿ ಹಾಕಿಸಿ ತರಿಸಿದರು. ಗೂಟ ಮುರಿದಿತ್ತು, ಬಡಗಿಯಿಂದ ಹೊಸದು ಹಾಕಿಸಿದರು. ಯಾರದೋ ತಾಯಿಗೆ ಯಾರದೋ ತವರಿನ ಕಲ್ಲು.

ಒಂದು ಭಾನುವಾರ ಮುಂಜಾನೆ ಐದು ಗಂಟೆಗೆ ನಾವೆಲ್ಲ ಸೇರಿದೆವು. ಹೊತ್ತು ಏರಿದ ಮೇಲೆ ಬೀಸುವುದು ಆಯಿಯ ಪದ್ಧತಿಯಲ್ಲ. ಕಲ್ಲಿನ ಕೆಳಗೆ ಹಾಸಿದ ಗೋಣಿತಟ್ಟು, ಪಕ್ಕದಲ್ಲಿ ಮೊರದ ತುಂಬ ಜೋಳ. ಕಲ್ಲಿಗೆ ಕೈಮುಗಿದು ಗೂಟ ಹಿಡಿದಳು. ನಾಲ್ಕು ಸುತ್ತು ಬರಿದೇ ತಿರುಗಿಸಿದಳು. ಐದನೆಯ ಸುತ್ತಿಗೆ ದನಿ ಬಂತು. ಮೊದಲು ಕೆಮ್ಮಿನಂತೆ, ಆಮೇಲೆ ಎಣ್ಣೆ ಹೊಯ್ದಂತೆ. ಕಲ್ಲನ್ನು ನೆನೆದಳು, ಶಿವನನ್ನು ನೆನೆದಳು, ಹಡೆದವ್ವನನ್ನು ನೆನೆದಳು, ಅಣ್ಣತಮ್ಮಂದಿರನ್ನು ಹೆಸರು ಹಿಡಿದು ಹರಸಿದಳು. ಎರಡನೆಯ ಸಾಲನ್ನು ಮತ್ತೆ ಎತ್ತಿ ಅದರ ಬೆನ್ನಿಗೆ ಮೂರನೆಯದನ್ನು ಸೇರಿಸುತ್ತಿದ್ದಳು. ಮೊಮ್ಮಗಳು "ಆಯಿ, ಮರೆತೆಯಾ? ಅದನ್ನೇ ಮತ್ತೆ ಹೇಳಿದಿಯಲ್ಲ!" ಎಂದಳು. ಮರೆವಲ್ಲ, ತ್ರಿಪದಿಯನ್ನು ಹಾಡುವ ಕ್ರಮವೇ ಅದು. ಕಾಗದದ ಮೇಲೆ ಮೂರು ಸಾಲು, ಬಾಯಲ್ಲಿ ನಾಲ್ಕಾಗುತ್ತದೆ. ಬಾದಾಮಿಯ ಬಂಡೆಯ ಮೇಲೆ ಸುಮಾರು 700ರಲ್ಲಿ ಕೆತ್ತಿದ ಕಪ್ಪೆ ಅರಭಟ್ಟನ ಶಾಸನದಲ್ಲಿ ಇರುವುದು ಇದೇ ತ್ರಿಪದಿ. ಸಾವಿರದ ಮುನ್ನೂರು ವರ್ಷದ ಛಂದಸ್ಸು ವಡೋದರಾದ ನಾಲ್ಕನೆಯ ಮಹಡಿಯಲ್ಲಿ ಜೋಳದ ಹಿಟ್ಟಿನ ಜೊತೆ ಉದುರುತ್ತಿತ್ತು.

ಎಡಗೈಯಿಂದ ಹಿಡಿ ಜೋಳ ಕಲ್ಲಿನ ಬಾಯಿಗೆ ಹಾಕುವಾಗ ಆಯಿಯ ದನಿ ತುಸು ನಿಲ್ಲುವುದು. ಕಾಳು ಒಳಗಿಳಿದು ಕಲ್ಲು ಹಗುರಾದಾಗ ದನಿ ಮತ್ತೆ ಏರುವುದು. ಧ್ವನಿಮುದ್ರಿಕೆಗಳಲ್ಲಿ ಕೇಳಿದ್ದ ಬೀಸುವ ಪದಗಳಲ್ಲಿ ಈ ನಿಲುಗಡೆ ಇರಲಿಲ್ಲ; ಅಲ್ಲಿ ಆ ಜಾಗಕ್ಕೆ ಕೊಳಲು ಬಾರಿಸಿರುತ್ತಾರೆ. ಹಾಡಿನ ಉಸಿರು ಎಲ್ಲಿಂದ ಬರುತ್ತದೆಂಬುದನ್ನು ಕೈಯ ಕೆಲಸ ನೋಡಿದವರೇ ಬಲ್ಲರು.

ಏಳೆಂಟು ಭಾನುವಾರ ಹೀಗೇ ನಡೆಯಿತು. ನೂರಕ್ಕೂ ಮಿಕ್ಕಿ ಪದಗಳು ಬಂದವು. ಊರಿಂದ ತರಿಸಿದ 'ಗರತಿಯ ಹಾಡು' ಪುಸ್ತಕವನ್ನು ಒಮ್ಮೆ ಆಯಿಯ ಮುಂದೆ ಓದಿದೆವು. ಹಲಸಂಗಿ ಆಕೆಯ ಊರಿಗೆ ದೂರವಲ್ಲ. ಓದು ಬಾರದ ಆಯಿ ತಲೆದೂಗುತ್ತ ಕೇಳಿ ನಡುವೆ ಒಂದು ಕಡೆ ಕೈಯೆತ್ತಿ ತಡೆದಳು: "ಅದು ಅವರೂರಾಗ ಹಂಗ. ನಮ್ಮೂರಾಗ ಹಿಂಗ ಅನ್ನೂದಿಲ್ಲ." ತನ್ನೂರಿನ ಪಾಠವನ್ನು ಹೇಳಿದಳು. ಒಂದು ಮಾತಿನ ವ್ಯತ್ಯಾಸ, ಅಷ್ಟೇ. ಆದರೆ ಆ ಒಂದು ಮಾತಿನಲ್ಲಿ ಆಕೆಯ ಊರಿನ ದೇವರಿದ್ದ, ಹೊಳೆಯ ಕಡವು ಇತ್ತು. ಹಾಡಿಗೆ ಊರಿದೆ ಎಂಬುದನ್ನು ಯಾವ ಪ್ರಾಧ್ಯಾಪಕರೂ ಇಷ್ಟು ಚೊಕ್ಕವಾಗಿ ನಮಗೆ ಹೇಳಿಕೊಡುತ್ತಿರಲಿಲ್ಲ.

ಪದಗಳನ್ನು ಬರೆದುಕೊಳ್ಳುವ ಕೆಲಸ ಮೊಮ್ಮಗಳದಾಗಿತ್ತು. ಹದಿಮೂರರ ಹುಡುಗಿ, ಮನೆಯಲ್ಲಿ ಕನ್ನಡ ಮಾತಾಡಬಲ್ಲಳು. ಅಕ್ಷರ ಮಾತ್ರ ಬಾರದು. ಆಯಿಯ ತ್ರಿಪದಿಗಳನ್ನು ಅವಳು ಗುಜರಾತಿ ಲಿಪಿಯಲ್ಲಿ ಬರೆದಿದ್ದಳು. ಪುಟ ತಿರುವಿದಾಗ ಮೊದಲು ಸಂತೋಷವಾಯಿತು, ಆಮೇಲೆ ನಗು ಬಂತು, ಕೊನೆಗೆ ದಿಗಿಲಾಯಿತು. ಗುಜರಾತಿ ಲಿಪಿಯಲ್ಲಿ ನಮ್ಮ ಎಕಾರ ಏಕಾರಗಳಿಗೆ, ಒಕಾರ ಓಕಾರಗಳಿಗೆ ಬೇರೆ ಬೇರೆ ಗುರುತಿಲ್ಲ. ಹಾಗಾಗಿ 'ಕೊಡು' ಹೋಗಿ 'ಕೋಡು' ಆಗಿತ್ತು. 'ಕೆರೆ' ಹೋಗಿ 'ಕೇರೆ' ಆಗಿತ್ತು. ಕೆರೆಗೆ ಬಾಗಿನ ಕೊಟ್ಟ ಪದವನ್ನು ಅವಳ ಪುಸ್ತಕ ನೋಡಿ ಓದಿದರೆ ಕೇರೆ ಹಾವಿಗೆ ಬಾಗಿನ ಕೊಟ್ಟಂತೆ! ಮಗುವಿನದೇನೂ ತಪ್ಪಿಲ್ಲ; ಬಲ್ಲ ಲಿಪಿಯಲ್ಲಿ ಪ್ರೀತಿಯಿಂದ ಬರೆದಿದ್ದಾಳೆ. ಆದರೆ ಇನ್ನೊಂದು ತಲೆಮಾರು ಕಳೆದರೆ ಆ ಪುಸ್ತಕವನ್ನು ಬಿಡಿಸಿ ಓದುವವರು ಯಾರು?

ಮರುವರ್ಷ ಮಾಘದಲ್ಲಿ ಆಯಿ ತೀರಿಕೊಂಡಳು. ಆ ಹೊತ್ತಿಗೆ ನಾವು ಅಹಮದಾಬಾದಿಗೆ ಬಂದಿದ್ದೆವು. ಜೋಕುಮಾರನ ಹಾಡನ್ನು ಭಾದ್ರಪದ ಬಂದಾಗ ಹೇಳುತ್ತೇನೆ, ಈಗ ಹಾಡಬಾರದು ಎಂದಿದ್ದಳು. ಆ ಹಾಡಿಗೆ ಊರಷ್ಟೇ ಅಲ್ಲ, ತಿಂಗಳೂ ಇತ್ತು. ಭಾದ್ರಪದದಲ್ಲಿ ಆಯಿ ಆಸ್ಪತ್ರೆಯಲ್ಲಿದ್ದಳು. ಆ ಹಾಡು ನಮಗೆ ಸಿಕ್ಕಲಿಲ್ಲ.

ಅಹಮದಾಬಾದಿನಲ್ಲಿ ಕನ್ನಡಿಗರ ಸಂಖ್ಯೆ ಹೆಚ್ಚು; ಬ್ಯಾಂಕಿನವರು, ಹೋಟೆಲಿನವರು, ಬಾಹ್ಯಾಕಾಶ ಕೇ೦ದ್ರದ ವಿಜ್ಞಾನಿಗಳು, ನಮ್ಮಂಥ ಗುಮಾಸ್ತರು. ಸಂಘದ ರಾಜ್ಯೋತ್ಸವಕ್ಕೆ ಮದಗದ ಕೆರೆಗೆ ಮಳೆ ಬಂದ ಹಾಡನ್ನು ಮಕ್ಕಳಿಂದ ಮಾಡಿಸುವುದೆಂದು ಗೊತ್ತಾಯಿತು. ಅದು ಬಾರದ ಕನ್ನಡ ಸಂಘವುಂಟೆ? ಈ ಬಾರಿ ನಾವು ಸುಮ್ಮನಿರದೆ "ಆ ಕೆರೆ ಎಲ್ಲಿದೆ?" ಎಂದೆವು. ಕಡೂರು ಸೀಮೆಯ ಹೋಟೆಲು ಮಾಲಿಕರು "ನಮ್ಮಲ್ಲಿ, ಎಮ್ಮೆದೊಡ್ಡಿ ಹತ್ತಿರ" ಎಂದರು. ಹಿರೇಕೆರೂರಿನ ವಿಮಾ ಮಿತ್ರರು ಎದ್ದು ನಿಂತು "ಮದಗ ಎಂದರೆ ಮಾಸೂರಿನ ಮದಗ, ಕುಮುದ್ವತಿಯ ನೀರು, ಅಲ್ಲದೆ ಕೆಂಚಮ್ಮ ನಮ್ಮವಳು" ಎಂದರು. ಸಭೆಯ ಉಳಿದ ವಿಷಯಗಳು ಮುಂದಕ್ಕೆ ಹೋದವು. ಅಧ್ಯಕ್ಷರಿಗೆ ತಲೆನೋವು, ನಮಗೆ ಪರಮಾನಂದ. ಹಾಡಿಗಾಗಿ ಎರಡು ಊರು ಜಗಳವಾಡುತ್ತಿವೆ ಎಂದರೆ ಹಾಡು ಬದುಕಿದೆ ಎಂದೇ ಅರ್ಥ.

ಇಬ್ಬರನ್ನೂ ಮಕ್ಕಳ ತಾಲೀಮಿಗೆ ಕರೆದು ತಂತಮ್ಮ ಕೆರೆಯ ಬಗೆಗೆ ಹೇಳಿಸಿದೆವು. ಏರಿ ಎಂದರೇನು, ತೂಬು ಎಂದರೇನು, ಕೆರೆ ಕೋಡಿ ಬೀಳುವುದೆಂದರೇನು ಎಂದು ಅಲ್ಲೇ ಹುಟ್ಟಿದ ಮಕ್ಕಳಿಗೆ ತಿಳಿಯದು. ಮರುದಿನ ಅವರನ್ನು ಕಾಂಕರಿಯಾಕ್ಕೆ ಕರೆದೊಯ್ದರು. 1451ರಲ್ಲಿ ಸುಲ್ತಾನ ಕುತುಬುದ್ದೀನ್ ಪೂರೈಸಿದ ಆ ಕೆರೆಗೆ ನೀರು ಒಳಬರುವ ಕೆತ್ತನೆಯ ಕಲ್ಲಿನ ಕಿಂಡಿಗಳಿವೆ. ಅವನ್ನು ತೋರಿಸಿ ತೂಬಿನ ಪಾಠವಾಯಿತು. ಆ ಸಲ ಮಕ್ಕಳು ಕುಣಿದದ್ದೇ ಬೇರೆ. ಏರಿ ಒಡೆಯುವ ಭಯ ಅವರ ಕಾಲಿನಲ್ಲಿ ಕಾಣುತ್ತಿತ್ತು.

ಇದೆಲ್ಲಕ್ಕೂ ಕಿರೀಟವಿಟ್ಟಂತೆ ನಡೆದದ್ದು ಅಡಾಲಜದಲ್ಲಿ. ಊರಿನಿಂದ ನೆಂಟರು ಬಂದರೆ ನಾವು ತಪ್ಪದೆ ತೋರಿಸುವ ಸ್ಥಳ ಅದು. 1498-99ರ ಸುಮಾರಿಗೆ ಕಟ್ಟಿದ ಮೆಟ್ಟಿಲುಬಾವಿ, ಐದು ಅಂತಸ್ತು ನೆಲದೊಳಕ್ಕೆ ಇಳಿಯುತ್ತದೆ. ಸಂಘದ ಹೆಂಗಸರ ಪ್ರವಾಸದಲ್ಲಿ ಗದಗ ಕಡೆಯ ಅಕ್ಕನವರೊಬ್ಬರು ಆ ಮೆಟ್ಟಿಲ ಮೇಲೆ ಕೂತು 'ಕೆರೆಗೆ ಹಾರ'ದ ಕಥೆಯನ್ನು ಹುಡುಗಿಯರಿಗೆ ಹೇಳತೊಡಗಿದರು. ಹಾರವೆಂದರೆ ಇಲ್ಲಿ ಹೂಮಾಲೆಯಲ್ಲ, ಬಲಿ. ಕಲ್ಲನಕೇರಿಯ ಮಲ್ಲನಗೌಡ ಕೆರೆ ಕಟ್ಟಿಸಿದ, ಹನಿ ನೀರು ಬರಲಿಲ್ಲ. ಹೊತ್ತಿಗೆ ತೆಗೆಸಿ ಕೇಳಿದರೆ ಸೊಸೆಯನ್ನು ಕೊಡಬೇಕೆಂದಿತು. ಕಿರಿಸೊಸೆ ಭಾಗೀರಥಿಯನ್ನು ಆರಿಸಿದರು. ಪೂಜೆ ಮುಗಿಸಿ ಎಲ್ಲರೂ ಹಿಂದಿರುಗುವಾಗ ಮರೆತು ಬಂದ ಬಂಗಾರದ ಬಟ್ಟಲನ್ನು ತರಲು ಅವಳೊಬ್ಬಳನ್ನೇ ಕಳಿಸಿದರು. ಅವಳು ಒಂದೊಂದು ಮೆಟ್ಟಿಲು ಏರಿದಂತೆ ನೀರು ಪಾದಕ್ಕೆ, ಮೊಣಕಾಲಿಗೆ, ನಡುವಿಗೆ ಬಂತೆಂದು ಅಕ್ಕನವರು ಕೈಯಿಂದ ತೋರಿಸುತ್ತಿದ್ದರು.

ಜೊತೆಗೆ ಬಂದಿದ್ದ ನಮ್ಮ ನೆರೆಮನೆಯ ಮಾಸಿ, ವಢವಾಣದ ಕಡೆಯವರು, ಕನ್ನಡದ ಒಂದಕ್ಷರ ತಿಳಿಯದವರು, ಆ ಕೈಯನ್ನೇ ನೋಡುತ್ತಿದ್ದವರು ಥಟ್ಟನೆ "ಎ ತೋ ಅಮಾರೀ ವಾತ್ ಛೇ" ಎಂದರು. ಇದು ನಮ್ಮ ಕಥೆಯಲ್ಲವೇ!

ಅವರದೂ ಒಂದು ಹಾಡು. ವಢವಾಣದಲ್ಲಿ 1294ರಲ್ಲಿ ಕಟ್ಟಿದ ಮಾಧಾವಾವ್ ಎಂಬ ಮೆಟ್ಟಿಲುಬಾವಿಗೆ ಜನ ಅದನ್ನು ಹೊಂದಿಸಿ ಹೇಳುತ್ತಾರೆ. ಮೇಘಾಣಿಯವರೂ ಅದನ್ನು ಸಂಗ್ರಹಿಸಿದ್ದಾರೆ. ಹನ್ನೆರಡು ವರ್ಷ ಅಗೆದರೂ ನೀರಿಲ್ಲ; ಜೋಯಿಸ ಮಗನನ್ನೂ ಸೊಸೆಯನ್ನೂ ಬೇಡಿದ; ನೀರು ಅಂಗಾಲಿನಿಂದ ಕೊರಳ ತನಕ ಏರಿತು. ಮಾಸಿ ಅಲ್ಲೇ ಮೆಲುದನಿಯಲ್ಲಿ ಹಾಡಿದರು. ಎರಡು ಭಾಷೆ, ನೂರಾರು ಮೈಲಿಯ ಅಂತರ, ಒಂದೇ ನೀರು. ಆದರೂ ಎರಡೂ ಒಂದೇ ಹಾಡಲ್ಲ. ಝಾಲಾವಾಡದ ಒಣನೆಲದಲ್ಲಿ ನೀರು ಪಾತಾಳದಲ್ಲಿದೆ. ಅಗೆದು ಇಳಿದೇ ಅದನ್ನು ಕಾಣಬೇಕು. ಆದ್ದರಿಂದ ಅವರದು ಬಾವಿಯ ಹಾಡು. ನಮ್ಮದು ಮಳೆಯ ನೀರಿಗೆ ಏರಿ ಕಟ್ಟಿ ನಿಲ್ಲಿಸುವ ನೆಲ. ನಮ್ಮದು ಕೆರೆಯ ಹಾಡು. ಅವರಲ್ಲಿ ಗಂಡಹೆಂಡಿರಿಬ್ಬರೂ ನೀರು ಪಾಲು; ನಮ್ಮಲ್ಲಿ ಭಾಗೀರಥಿ ಒಬ್ಬಳೇ, ದಂಡಿನಲ್ಲಿದ್ದ ಗಂಡ ಮಾದೇವರಾಯ ಸುದ್ದಿ ತಿಳಿದು ಬಂದು ಆಮೇಲೆ ಅದೇ ಕೆರೆಗೆ ಹಾರುತ್ತಾನೆ.

ಹುಡುಗಿಯೊಬ್ಬಳು, ಕಾಲೇಜಿಗೆ ಹೋಗುವವಳು, ಸಿಟ್ಟಿನಿಂದ ಕೇಳಿದಳು: "ಅವಳು ಓಡಿಹೋಗಬಾರದಿತ್ತೇ? ಇಂಥ ಹಾಡನ್ನು ಈಗ ಯಾಕೆ ಹಾಡಬೇಕು?" ಎಲ್ಲರೂ ಸುಮ್ಮನಾದರು. ಅಕ್ಕನವರು ಸ್ವಲ್ಪ ಹೊತ್ತು ನೀರಿನ ಕಡೆ ನೋಡಿ ಹೇಳಿದರು: "ತವರಿಗೆ ಯಾಕ ಹೋಗಿದ್ಲು, ಗೆಳತಿ ಮನೀಗೆ ಯಾಕ ಹೋಗಿದ್ಲು ತಂಗಿ? ಯಾರರೆ ಬ್ಯಾಡ ಅಂತಾರೇನಂತ ಹೋಗಿದ್ಲು. ಯಾರೂ ಅನಲಿಲ್ಲ. ಅದನ್ನ ಮರೀಬಾರದಂತ ಹೆಣ್ಣಮಕ್ಕಳು ಹಾಡ್ಕೋತ ಬಂದಾರ." ಮಾಸಿಗೆ ಇದನ್ನು ಗುಜರಾತಿಯಲ್ಲಿ ಹೇಳಿದೆವು. ಅವರು ಸೆರಗಿನಿಂದ ಕಣ್ಣೊರೆಸಿಕೊಂಡರು. ಪಠ್ಯಪುಸ್ತಕದಲ್ಲಿ ತ್ಯಾಗ ಎಂದು ಓದಿಸಿದ್ದರಲ್ಲಿ ಇಂಥ ದೂರು ಅಡಗಿದೆ ಎಂಬುದನ್ನು ಹಾಡಿಕೊಂಡು ಬಂದವರೇ ಹೇಳಬೇಕಾಯಿತು.

ಕನ್ನಡ ನಾಡಿನವರು ಗುಜರಾತಿಗೆ ಬಂದದ್ದು ನಮ್ಮ ಕಾಲದಲ್ಲಲ್ಲ. ವಡೋದರಾ ಊರಿನ ಹೆಸರು 'ವಡಪದ್ರಕ' ಎಂಬ ರೂಪದಲ್ಲಿ ಸಿಗುವ ಹಳೆಯ ದಾಖಲೆ 812ರ ಒಂದು ತಾಮ್ರಶಾಸನ. ಆಲದ ಮರದಿಂದ ಬಂದ ಹೆಸರದು. ಅದನ್ನು ಹೊರಡಿಸಿದವನು ರಾಷ್ಟ್ರಕೂಟ ಮನೆತನದ ಲಾಟ ಶಾಖೆಯ ಕರ್ಕ ಸುವರ್ಣವರ್ಷ, ನಮ್ಮ ನೃಪತುಂಗ ಬಾಲಕನಾಗಿದ್ದಾಗ ಅವನ ಸಿಂಹಾಸನವನ್ನು ಕಾಯ್ದವನು. ಮುಂದೆ ಪಾಟಣದ ಸಿದ್ಧರಾಜ ಜಯಸಿಂಹನ ತಾಯಿ, ಗುಜರಾತಿಗಳು ಮೀನಳದೇವಿ ಎಂದು ಇಂದಿಗೂ ಗೌರವಿಸುವ ಮಯಣಲ್ಲದೇವಿ, ಕದಂಬ ಜಯಕೇಶಿಯ ಮಗಳು. ಧೋಳಕಾದ ಮಲಾವ್ ಕೆರೆ ಅವಳು ಕಟ್ಟಿಸಿದ್ದೆಂದು ಪ್ರತೀತಿ. ಆ ತಾಯಿ ತೊಟ್ಟಿಲಲ್ಲಿದ್ದ ಮಗನಿಗೆ ಯಾವ ಭಾಷೆಯಲ್ಲಿ ಜೋಗುಳ ಹಾಡಿದಳೋ! ಕೆರೆ ಉಳಿಯಿತು, ತಾಮ್ರದ ಹಲಗೆ ಉಳಿಯಿತು. ಜೋಗುಳ ಉಳಿಯಲಿಲ್ಲ. ತಾಮ್ರವನ್ನು ಮಣ್ಣಿನಲ್ಲಿ ಹೂತರೂ ಸಾವಿರ ವರ್ಷದ ಮೇಲೆ ಅಗೆದು ತೆಗೆಯಬಹುದು. ಹಾಡು ಒಂದು ಬಾಯಿಂದ ಇನ್ನೊಂದು ಬಾಯಿಗೆ ದಾಟದಿದ್ದರೆ ಅಲ್ಲಿಗೆ ಮುಗಿಯಿತು.

ಊರಿನಲ್ಲಿ ಈ ಕೆಲಸ ಮಾಡಿದವರು, ಮಾಡುತ್ತಿರುವವರು ಇದ್ದಾರೆ. ಎಚ್. ಎಲ್. ನಾಗೇಗೌಡರು 1979ರಲ್ಲಿ ಕರ್ನಾಟಕ ಜಾನಪದ ಪರಿಷತ್ತನ್ನು ಸ್ಥಾಪಿಸಿ ಆಮೇಲೆ ರಾಮನಗರದ ಬಳಿ ಜಾನಪದ ಲೋಕವನ್ನು ಕಟ್ಟಿದರು. ಹಾವೇರಿ ಜಿಲ್ಲೆಯ ಗೊಟಗೋಡಿಯಲ್ಲಿ ಜಾನಪದಕ್ಕೇ ಒಂದು ವಿಶ್ವವಿದ್ಯಾಲಯವಿದೆ. ಅಂಕೋಲೆಯ ಹಾಲಕ್ಕಿ ಹಾಡುಗಳ ಕಣಜವಾಗಿದ್ದ ಸುಕ್ರಿ ಬೊಮ್ಮಗೌಡರಿಗೆ 2017ರಲ್ಲಿ ಪದ್ಮಶ್ರೀ ಬಂತು; 2025ರ ಫೆಬ್ರವರಿಯಲ್ಲಿ ಅವರು ತೀರಿಕೊಂಡರು. ಆದರೆ ಆ ಸಂಗ್ರಾಹಕರು ಯಾರೂ ವಡೋದರಾದ ನಾಲ್ಕನೆಯ ಮಹಡಿಗೆ ಬರುವುದಿಲ್ಲ. ಮಕ್ಕಳ ನೌಕರಿಯ ಬೆನ್ನು ಹತ್ತಿ ಪರಊರಿಗೆ ಬಂದು ಬಾಲ್ಕನಿಯಲ್ಲಿ ಕೂತಿರುವ ತಾಯಂದಿರ ಹಾಡುಗಳಿಗೆ ನಾವೇ ದಿಕ್ಕು.

ಆದ್ದರಿಂದ ಓದುಗ ಬಾಂಧವರಲ್ಲಿ ಒಂದು ವಿಜ್ಞಾಪನೆ. ನಿಮ್ಮ ಮನೆಯಲ್ಲೋ ನೆರೆಯಲ್ಲೋ ಅಂಥ ಹಿರಿಯರಿದ್ದರೆ ಕೇಳಿ. ಹಾಡು ಎಂದಷ್ಟೇ ಕೇಳಿದರೆ 'ಬರೂದಿಲ್ಲ' ಎಂದಾರು. ಕೆಲಸ ಹಿಡಿದು ಕೇಳಿ. ಬೀಸುವಾಗ ಏನು, ಕುಟ್ಟುವಾಗ ಏನು, ನಾಟಿಯಲ್ಲಿ ಏನು, ಬೀಗರನ್ನು ಹಂಗಿಸಲು ಏನು ಎಂದು ಕೇಳಿ. ಗುಜರಾತಿ ಮದುವೆಗಳಲ್ಲಿ ಬೀಗರನ್ನು ಚುಚ್ಚುವ 'ಫಟಾಣಾ' ಹಾಡುಗಳನ್ನು ಕೇಳಿಸಿದರೆ ನಮ್ಮ ಅಜ್ಜಿಯರಿಗೆ ತಮ್ಮವು ತಾವಾಗಿಯೇ ನೆನಪಾಗುತ್ತವೆ. ಇದು ನಾವು ಕಣ್ಣಾರೆ ಕಂಡದ್ದು. ಮೊಬೈಲಿನಲ್ಲಿ ದನಿ ಹಿಡಿಯಿರಿ, ಆದರೆ ಅಷ್ಟಕ್ಕೇ ಬಿಡಬೇಡಿ. ಕಾಗದದ ಮೇಲೆ ಕನ್ನಡ ಅಕ್ಷರದಲ್ಲಿ ಬರೆದು, ಕೆಳಗೆ ಹಾಡಿದವರ ಹೆಸರು, ಅವರ ತವರೂರು, ಸೇರಿದ ಊರು, ಯಾವ ಕೆಲಸದ ಹಾಡು, ಯಾವ ತಿಂಗಳಲ್ಲಿ ಹಾಡುವುದು ಎಂಬಿಷ್ಟನ್ನು ನಮೂದಿಸಿ. ತಿಂಗಳು ಕಾಯುವ ಹಾಡಾದರೆ ಆ ತಿಂಗಳು ತಪ್ಪದಂತೆ ನೋಡಿಕೊಳ್ಳಿ. ಗುಮಾಸ್ತರ ಬುದ್ಧಿ ಎಂದು ನಗಬೇಡಿ. ವಿಳಾಸವಿಲ್ಲದ ಕಾಗದ ಯಾವ ಮನೆಗೂ ತಲುಪುವುದಿಲ್ಲ.

ಆಯಿಯ ಮೊಮ್ಮಗಳು ಕಳೆದ ಬೇಸಿಗೆಯಿಂದ ಕನ್ನಡ ಅಕ್ಷರ ಕಲಿಯುತ್ತಿದ್ದಾಳೆ. ವಾರಕ್ಕೊಮ್ಮೆ ಫೋನು ಮಾಡಿ ಅನುಮಾನ ಕೇಳುತ್ತಾಳೆ. ತನ್ನ ಗುಜರಾತಿ ಪುಸ್ತಕವನ್ನೂ ಧ್ವನಿಮುದ್ರಣವನ್ನೂ ಮುಂದಿಟ್ಟುಕೊಂಡು ಒಂದೊಂದೇ ಪದವನ್ನು ಕನ್ನಡಕ್ಕೆ ಇಳಿಸುತ್ತಿದ್ದಾಳೆ. ಹೋದ ವಾರದ ತನಕ ನಲವತ್ತೆರಡು ಆಗಿವೆಯಂತೆ. ಪ್ರತಿಯೊಂದರ ಕೆಳಗೂ ಆಯಿಯ ಊರಿನ ಹೆಸರಿದೆ.